ನಗಲಿಕ್ಕೂ ದಿಂಬು ಬೇಕು

ಪ್ರಿಯ ದೋಸ್ತ,

ಮುಂದಿನ ತಿಂಗಳು ನಿನಗೂ ಹೃದಯದ ಬೈಪಾಸ್ ಆಪರೇಷನ್ ಅಂತ ನೀನು ಫೋನಿನಲ್ಲಿ ಹೇಳಿದೆ. "ಆಮೇಲೆ ಹೇಗಿರುತ್ತದೆ, ಖರೇ ಹೇಳು" ಎಂದೆ. ನಮ್ಮ ಮನೆಯವರೆಲ್ಲ ಪಕ್ಕದಲ್ಲೇ ಇದ್ದರು, "ಆರಾಮ ಇದ್ದೀನಿ" ಎಂದು ನಾನು ಫೋನ್ ಇಟ್ಟುಬಿಟ್ಟೆ. ಖರೇ ಏನೆಂಬುದು ಈಗ ಬರೆಯುತ್ತೇನೆ.

ನನ್ನದಾಗಿ ಏಳು ತಿಂಗಳು. ಎದೆಗಿಂತ ಕಾಲೇ ಜಾಸ್ತಿ ಕಾಡಿತು. ಹೃದಯಕ್ಕೆ ಜೋಡಿಸುವ ರಕ್ತನಾಳವನ್ನು ಕಾಲಿನಿಂದ ತೆಗೆಯುತ್ತಾರಲ್ಲ, ಸಂಜೆಯಾದರೆ ಆ ಕಾಲು ಬಾತುಕೊಳ್ಳುತ್ತಿತ್ತು. ಎದೆಯ ಎಲುಬು ಕೊಯ್ದು ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಲು ಎರಡು-ಮೂರು ತಿಂಗಳು ಬೇಕು. ಅಲ್ಲಿಯ ತನಕ ಕೊಡ ಎತ್ತಬೇಡ, ಗಾಡಿ ಮುಟ್ಟಬೇಡ. ಕೆಮ್ಮು, ಸೀನು ಬಂದರೆ ದಿಂಬನ್ನು ಎದೆಗೆ ಅವುಚಿ ಹಿಡಿ. ನಗಲಿಕ್ಕೂ ಅದು ಬೇಕು. ನನ್ನ ತಮ್ಮ ಬಾಗಿಲಲ್ಲಿ ಕಂಡರೆ ಸಾಕು, ದಿಂಬು ಕೈಗೆ ತಗೊಳ್ಳುತ್ತಿದ್ದೆ.

ಯಾರೂ ಹೇಳದೇ ಇದ್ದದ್ದು ಅಳುವಿನ ಸಂಗತಿ. ಮೂರನೇ ವಾರ ಮೊಮ್ಮಗಳು ನನ್ನ ಚಪ್ಪಲಿ ತಂದಿಟ್ಟಳು, ಅಷ್ಟಕ್ಕೇ ಕಣ್ಣೀರು. ನಿದ್ದೆಯಿಲ್ಲ. ಶೇಂಗಾ ಹಿಂಡಿ ಕೂಡ ಮಣ್ಣಿನ ಹಾಗೆ. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಕೊನೆಗೆ ತಪಾಸಣೆಗೆ ಹೋದಾಗ ಹೆಂಡತಿಯೇ ಹೇಳಿದಳು. ಬಹಳ ಜನರಿಗೆ ಹೀಗಾಗುತ್ತದೆ, ತಾನಾಗಿ ಇಳಿಯದಿದ್ದರೆ ಅದಕ್ಕೂ ಔಷಧ ಇದೆ ಎಂದರು ಡಾಕ್ಟರು. ನನಗೆ ಇಳಿಯಿತು. ಮೊದಲೇ ಹೇಳಿದ್ದರೆ ಅಷ್ಟು ರಾತ್ರಿ ಸುಮ್ನೆ ಒದ್ದಾಡುತ್ತಿರಲಿಲ್ಲ, ಅಲ್ವಾ?

ಎದೆಯ ಎಡಗಡೆ ಇನ್ನೂ ಜೋಮು ಇದೆ. ಅಂಗಿ ತಾಗಿದರೆ ಬೇರೆ ಯಾರದೋ ಮೈ ಅನಿಸುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇನೆ.

ಲಾಭ ಏನು ಎಂದು ಕೇಳುತ್ತೀಯಾ? ಆಪರೇಷನ್‌ಗೆ ಮೊದಲು ಶರಣಬಸವೇಶ್ವರ ಗುಡಿಗೆ ಹೋಗುವಾಗ ಮೂರು ಕಡೆ ಎದೆ ಹಿಡಿಯುತ್ತಿತ್ತು. ಅಂಗಡಿ ನೋಡುವವನ ಹಾಗೆ ನಾಟಕ ಮಾಡಿ ನಿಲ್ಲುತ್ತಿದ್ದೆ. ಈಗ ಬೆಳಿಗ್ಗೆ ಐದೂವರೆಗೆ, ನಮ್ಮ ಕಲಬುರಗಿ ಬಿಸಿಲು ಏಳುವ ಮೊದಲೇ, ಅಪ್ಪನ ಕೆರೆಯ ಕಡೆ ನಿಲ್ಲದೆ ನಡೆದು ಬರುತ್ತೇನೆ. ಶುರು ಮಾಡಿದ್ದು ಅಂಗಳದಲ್ಲಿ ಐದೇ ನಿಮಿಷದಿಂದ.

"ಆಪರೇಷನ್ ಆಯ್ತು, ಇನ್ಯಾಕೆ ಗುಳಿಗೆ" ಎನ್ನುವ ಬೀಗರು ನಿನಗೂ ಸಿಗುತ್ತಾರೆ. ಕೇಳಬೇಡ. ಡಾಕ್ಟರು ಹಾಕಿದ್ದು ರಕ್ತಕ್ಕೆ ಹೊಸ ದಾರಿ, ರಕ್ತನಾಳದ ಹಳೆ ಬ್ಲಾಕು ಅಲ್ಲೇ ಇರುತ್ತದೆ. ಮತ್ತೆ ನಿನ್ನ ಬೀಡಿ... ಅದರ ಜಗಳ ಎದುರಾ ಎದುರೇ ಆಡೋಣ.

ಮನೆಯಲ್ಲಿ ನನ್ನನ್ನು ಇನ್ನೂ ಗಾಜಿನ ಲೋಟದ ಹಾಗೆ ಇಟ್ಟಿದ್ದಾರೆ, ಸಂತೆಗೂ ಬಿಡುವುದಿಲ್ಲ. ಆದರೂ ನೀನು ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಹುಮನಾಬಾದ್ ಮೇಲಿನ ಬಸ್ಸು ಹಿಡಿದು ಬೀದರ್‌ಗೆ ಬರುತ್ತೇನೆ. ದಿಂಬು ನಾನೇ ತರುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿನ್ನ ಗೆಳೆಯ