ರೋಮ್ ಮುಳುಗಿದ್ದು ಸೀಸರನಿಂದ ಮಾತ್ರವೇ?

ಮಾನ್ಯರೇ,

ರೋಮ್ ಗಣರಾಜ್ಯವನ್ನು ಸೀಸರ್ ಒಬ್ಬನೇ ಮುಳುಗಿಸಿದ ಎಂದು ಸುಮ್ನೆ ಹೇಳಿಬಿಡುತ್ತೇವೆ. ಅವನು ಸೇನೆಯೊಂದಿಗೆ ಇಟಲಿಯ ಗಡಿಯಾಗಿದ್ದ ರೂಬಿಕಾನ್ ಹೊಳೆ ದಾಟಿ ಅಂತರ್ಯುದ್ಧ ಶುರು ಮಾಡಿದ್ದು ಕ್ರಿ.ಪೂ. 49ರಲ್ಲಿ. ಒಳಗಿನ ಹುಳುಕು ಅದಕ್ಕಿಂತ ಹಳೆಯದು. ಕ್ರಿ.ಪೂ. 54ರಲ್ಲಿ ಕಾನ್ಸಲ್ (ಗಣರಾಜ್ಯದ ಅತ್ಯುನ್ನತ ಚುನಾಯಿತ ಅಧಿಕಾರಿ) ಹುದ್ದೆಯ ಅಭ್ಯರ್ಥಿಗಳು ವೋಟಿಗೆ ಹಂಚಲು ಎಷ್ಟು ಸಾಲ ಎತ್ತಿದರೆಂದರೆ, ರೋಮ್‌ನಲ್ಲಿ ಬಡ್ಡಿಯೇ ವರ್ಷಕ್ಕೆ ಶೇ 4ರಿಂದ 8ಕ್ಕೆ ಏರಿತು! ಹಂಚಲು ಏಜೆಂಟರೂ ಇದ್ದರು. ಲಂಚದ ವಿರುದ್ಧ ಕಾನೂನಿಗೇನೂ ಬರವಿರಲಿಲ್ಲ ಬಿಡಿ. ಗೆದ್ದವರು ಆಮೇಲೆ ಪ್ರಾಂತ್ಯಗಳಿಗೆ ಗವರ್ನರ್ ಆಗಿ ಹೋಗಿ, ಅಸಲು ಬಡ್ಡಿ ಎರಡನ್ನೂ ಅಲ್ಲಿನ ಜನರಿಂದ ಕೀಳುತ್ತಿದ್ದರು. ಸಿಸಿಲಿ ಪ್ರಾಂತ್ಯವನ್ನು 3 ವರ್ಷ ದೋಚಿದ ಗವರ್ನರ್ ವೆರ್ರೆಸ್‌ನ ಲೆಕ್ಕಾಚಾರವನ್ನು ವಾಗ್ಮಿ ಸಿಸೆರೊ ಕೋರ್ಟಿನಲ್ಲೇ ಬಯಲು ಮಾಡಿದ್ದ: ಒಂದು ವರ್ಷದ ಗಳಿಕೆ ತನಗೆ, ಇನ್ನೊಂದು ವರ್ಷದ್ದು ತನ್ನ ವಕೀಲರಿಗೆ, ಎಲ್ಲಕ್ಕಿಂತ ಜಾಸ್ತಿ ಬಂದ ಮೂರನೇ ವರ್ಷದ್ದು ಪೂರ್ತಿ ತನ್ನ ವಿಚಾರಣೆ ನಡೆಸುವ ನ್ಯಾಯಾಧೀಶರಿಗೆ ಲಂಚ.

– ಇತಿಹಾಸಾಸಕ್ತ ಓದುಗ, ಧಾರವಾಡ