ಮಿರರ್ ವಾಲ್ಯೂಮ್‌ಗಳ ಸಾಮರ್ಥ್ಯ ಯೋಜನೆ ಮತ್ತು ನಿರ್ವಹಣೆಯಲ್ಲಿ ಆಗಿರುವ ಲೋಪಗಳ ಕುರಿತು ದೂರು

ಮಾಟುಂಗಾ, ಮುಂಬಯಿ
ದಿನಾಂಕ: 18 ಆಗಸ್ಟ್ 2025

ಇವರಿಗೆ,
ಪ್ರಾದೇಶಿಕ ಸೇವಾ ವ್ಯವಸ್ಥಾಪಕರು,
ಡಿಸ್ಕ್ ಸ್ಟೋರೇಜ್ ಪೂರೈಕೆ ಮತ್ತು ನಿರ್ವಹಣಾ ವಿಭಾಗ,
ಪುಣೆ ಕಚೇರಿ

ಮಾನ್ಯರೇ,

ನಮ್ಮ ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯ ನಿರ್ಣಯದಂತೆ ಈ ದೂರನ್ನು ಬರೆಯುತ್ತಿದ್ದೇನೆ. ನಮ್ಮ ಸಭೆಯ ನಡಾವಳಿ ಮೊದಲಿನಿಂದಲೂ ಕನ್ನಡದಲ್ಲಿದೆ. ತಾವೂ ಧಾರವಾಡದ ಕಡೆಯವರೆಂದು ತಿಳಿದಿರುವುದರಿಂದ ಪತ್ರವನ್ನೂ ಕನ್ನಡದಲ್ಲೇ ಕಳುಹಿಸುತ್ತಿದ್ದೇನೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ನೆಲಮಹಡಿಯ ಕೋಣೆಗೆ ನೀರು ನುಗ್ಗಿ ಹಳೆಯ ಲೆಡ್ಜರ್‌ಗಳು ತೊಯ್ದುಹೋಗಿದ್ದವು. ಸದಸ್ಯರ ಸಹಿಯ ಕಾರ್ಡು, ಸಾಲದ ಕಡತ, ಪಿಗ್ಮಿ ಖಾತೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಡುವ ಕೆಲಸವನ್ನು ನಾವು ಕೈಗೆತ್ತಿಕೊಂಡದ್ದು ಆ ಅನುಭವದಿಂದ. 2023ರ ಫೆಬ್ರವರಿಯಲ್ಲಿ ತಮ್ಮಿಂದ ಸ್ಟೋರೇಜ್ ಕೊಂಡಾಗಲೂ ನಾವು ಕೇಳಿದ್ದು ವೇಗವನ್ನಲ್ಲ, ಒಂದು ಡಿಸ್ಕ್ ಕೆಟ್ಟರೂ ದಾಖಲೆ ಉಳಿಯಬೇಕು ಎಂಬುದನ್ನು ಮಾತ್ರ.

ತಾವು ಕೊಟ್ಟದ್ದು ತಲಾ 4 ಟಿಬಿಯ 12 ಡಿಸ್ಕ್‌ಗಳು. ದರಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಕಂಡದ್ದು 48 ಟಿಬಿ. ಮಿರರ್‌ನಲ್ಲಿ ಪ್ರತಿ ಬರಹವೂ ಎರಡು ಡಿಸ್ಕ್‌ಗೆ ಹೋಗುವುದರಿಂದ ಅದು 24 ಆಗುತ್ತದೆ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿಯೂ ಕಂಪ್ಯೂಟರು 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಪರದೆಯ ಮೇಲೆ ಕಾಣುವುದು ಸುಮಾರು 21.8. ಇಷ್ಟು ಇಳಿಕೆ ಸಹಜವೆಂದು ನಾವೂ ಒಪ್ಪುತ್ತೇವೆ. ಆದರೆ 12ಕ್ಕೆ 12 ಡಿಸ್ಕ್‌ಗಳನ್ನೂ ದತ್ತಾಂಶಕ್ಕೇ ಹಂಚಿ ಒಂದನ್ನೂ ಹಾಟ್ ಸ್ಪೇರ್ ಆಗಿ, ಅಂದರೆ ಯಾವುದಾದರೂ ಡಿಸ್ಕ್ ಕೆಟ್ಟ ಕೂಡಲೇ ತಾನಾಗಿ ಅದರ ಜಾಗ ತುಂಬುವ ಖಾಲಿ ಡಿಸ್ಕ್ ಆಗಿ, ಬಿಡದಿರುವುದನ್ನು ಒಪ್ಪಲಾಗದು. ಎರಡನ್ನು ಬಿಟ್ಟಿದ್ದರೆ ಪರದೆಯ ಲೆಕ್ಕದಲ್ಲಿ ಸುಮಾರು 18.2 ಸಿಗುತ್ತಿತ್ತು, ನಾವು ಇನ್ನಷ್ಟು ಡಿಸ್ಕ್ ಕೊಳ್ಳಬೇಕಾಗುತ್ತಿತ್ತು, ಮತ್ತು ತಮ್ಮ ದರ ಪ್ರತಿಸ್ಪರ್ಧಿಗಳ ದರಕ್ಕಿಂತ ಕಡಿಮೆ ಕಾಣುತ್ತಿರಲಿಲ್ಲ. ಆರಂಭದಲ್ಲಿ 9 ಟಿಬಿ, ಆಮೇಲೆ ತಿಂಗಳಿಗೆ ಸುಮಾರು 300 ಜಿಬಿ ಬೆಳವಣಿಗೆ ಎಂದು ನಾವು ಲಿಖಿತವಾಗಿ ತಿಳಿಸಿದ್ದೆವು, ಮತ್ತು ಬೆಳವಣಿಗೆ ಹಾಗೆಯೇ ಆಗಿದೆ. ಆದರೆ ತಮ್ಮ ಯೋಜನೆಯಲ್ಲಿ ಸ್ನ್ಯಾಪ್‌ಶಾಟ್‌ಗಳಿಗೆಂದು (ಆಯಾ ಹೊತ್ತಿನ ದತ್ತಾಂಶದ ಸ್ಥಿತಿಯನ್ನು ಹಿಡಿದಿಡುವ ಪ್ರತಿಗಳಿಗೆಂದು) ಜಾಗವನ್ನೇ ತೋರಿಸಿರಲಿಲ್ಲ. ಹೀಗಾಗಿ 29ನೇ ತಿಂಗಳಿಗೇ ವ್ಯವಸ್ಥೆ ಶೇಕಡಾ 93ರಷ್ಟು ತುಂಬಿತ್ತು.

ಜುಲೈ 12ರ ಶನಿವಾರ ಒಂದು ಡಿಸ್ಕ್ ಕೆಟ್ಟಿತು. ಎಚ್ಚರಿಕೆಯ ಇಮೇಲ್ ಹೋಗುತ್ತಿದ್ದುದು ತಮ್ಮಲ್ಲಿ ಕೆಲಸ ಬಿಟ್ಟುಹೋದ ಎಂಜಿನಿಯರೊಬ್ಬರ ವಿಳಾಸಕ್ಕೆ. ಸ್ಪೇರ್ ಇಲ್ಲದ್ದರಿಂದ ರೀಬಿಲ್ಡ್, ಅಂದರೆ ಉಳಿದ ಜೋಡಿ ಡಿಸ್ಕ್‌ನಿಂದ ಬದಲಿ ಡಿಸ್ಕ್‌ಗೆ ದತ್ತಾಂಶದ ಮರುನಕಲು, ತಾನಾಗಿ ಶುರುವಾಗುವಂತಿರಲಿಲ್ಲ. ಒಂಬತ್ತು ದಿನ ನಮ್ಮ ಖಾತೆಗಳಿದ್ದ ವಾಲ್ಯೂಮ್‌ನ (ಡಿಸ್ಕ್‌ಗಳನ್ನು ಸೇರಿಸಿ ಮಾಡಿದ ಶೇಖರಣಾ ಘಟಕದ) ಒಂದು ಭಾಗ ಒಂಟಿ ಡಿಸ್ಕ್‌ನ ಮೇಲೆ ನಿಂತಿತ್ತು, ಮತ್ತು ಅದು ನಮಗೆ ಗೊತ್ತಿರಲಿಲ್ಲ. ಮಿರರ್ ಎಂಬ ಹೆಸರಿನ ಭರವಸೆಯಲ್ಲಿ ನಾವು ಆ ಒಂಬತ್ತು ದಿನವೂ ಸದಸ್ಯರಿಂದ ಠೇವಣಿ ಸ್ವೀಕರಿಸಿದ್ದೇವೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಜುಲೈ 21ರ ಸೋಮವಾರ ಬೆಳಿಗ್ಗೆ 11 ಗಂಟೆಗೆ, ಕೌಂಟರ್ ತುಂಬಿರುವ ಹೊತ್ತಿನಲ್ಲಿ, ತಮ್ಮ ಎಂಜಿನಿಯರು ಬಂದು ಹೊಸ ಡಿಸ್ಕ್ ಹಾಕಿ, ಯಾರಿಗೂ ಹೇಳದೆ ರೀಬಿಲ್ಡ್‌ಗೆ ಗರಿಷ್ಠ ಆದ್ಯತೆ ಕೊಟ್ಟರು. 4 ಟಿಬಿಯ ಡಿಸ್ಕನ್ನು ಸೆಕೆಂಡಿಗೆ 150 ಎಂಬಿಯಂತೆ ತಡೆಯಿಲ್ಲದೆ ನಕಲು ಮಾಡಿದರೂ ಏಳೂವರೆ ಗಂಟೆ ಬೇಕು, ವಹಿವಾಟೂ ಅದೇ ಡಿಸ್ಕ್‌ಗಳ ಮೇಲೆ ನಡೆದರೆ ಇನ್ನೂ ಹೆಚ್ಚು. ಹಗಲಿನಲ್ಲಿ ರೀಬಿಲ್ಡ್ ಕೂಡದೆಂದು ನಾನು ವಾದಿಸುತ್ತಿಲ್ಲ, ಏಕೆಂದರೆ ಒಂಟಿ ಡಿಸ್ಕ್‌ನ ಮೇಲೆ ಕಳೆಯುವ ಪ್ರತಿ ಗಂಟೆಯೂ ಅಪಾಯದ್ದೇ. ನನ್ನ ಆಕ್ಷೇಪ ಬೇರೆ: ಉಳಿದಿರುವ ಏಕೈಕ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವಂಥ ಕೆಲಸಕ್ಕೆ ಕೈ ಹಾಕುವ ಮುನ್ನ ಹೊಸದೊಂದು ಬ್ಯಾಕಪ್ ತೆಗೆದುಕೊಳ್ಳುವುದು ಕನಿಷ್ಠ ಎಚ್ಚರಿಕೆ, ಅದನ್ನು ಅವರು ಮಾಡಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಉಳಿದಿದ್ದ ಡಿಸ್ಕ್‌ನಲ್ಲಿ ಓದಲಾಗದ ಬ್ಲಾಕ್‌ಗಳು ಸಿಕ್ಕಿ ರೀಬಿಲ್ಡ್ ನಿಂತುಹೋಯಿತು. ವರ್ಷಗಟ್ಟಲೆ ಯಾರೂ ಓದದ ಭಾಗಗಳಲ್ಲಿ ಇಂಥ ದೋಷ ಸದ್ದಿಲ್ಲದೆ ಕುಳಿತಿರುತ್ತದೆ. ಅದನ್ನು ಮೊದಲೇ ಪತ್ತೆಹಚ್ಚಿ, ಜೋಡಿ ಡಿಸ್ಕ್ ಚೆನ್ನಾಗಿರುವಾಗಲೇ ಅದರಿಂದ ಸರಿಪಡಿಸಿಕೊಳ್ಳುವುದಕ್ಕೆಂದೇ ಸ್ಕ್ರಬ್ ಎಂಬ ನಿಯತ ತಪಾಸಣೆ ಇರುವುದು. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ತಿಂಗಳಿಗೊಮ್ಮೆ ಎಂದು ಬರೆದಿದೆ. ಲಾಗ್ ನೋಡಿದರೆ ಅಳವಡಿಸಿದ ದಿನದಿಂದ ಅದು ಒಮ್ಮೆಯೂ ನಡೆದಿಲ್ಲ. ಕೆಟ್ಟ ಜೋಡಿಯಿಂದ ವಾಲ್ಯೂಮನ್ನು ಬೇರೆಡೆಗೆ ಸರಿಸೋಣವೆಂದರೆ ಖಾಲಿ ಜಾಗವೂ ಇರಲಿಲ್ಲ. ದತ್ತಾಂಶ ಹಿಡಿಸುವಷ್ಟು ಜಾಗವನ್ನು ತಾವು ಲೆಕ್ಕ ಹಾಕಿದಿರಿ, ದುರಸ್ತಿಗೆ ಬೇಕಾಗುವ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಶನಿವಾರ ರಾತ್ರಿಯ ಬ್ಯಾಕಪ್ ನಮ್ಮ ಕೈಯಲ್ಲಿದ್ದುದರಿಂದ ಸಂಘ ಉಳಿಯಿತು. "ಮಿರರ್ ಇದೆಯಲ್ಲ, ಬ್ಯಾಕಪ್‌ಗೆ ಯಾಕೆ ಖರ್ಚು" ಎಂದು ತಮ್ಮ ಮಾರಾಟ ಪ್ರತಿನಿಧಿ ನಮಗೆ ಸಲಹೆ ಕೊಟ್ಟಿದ್ದರು. ತಪ್ಪಾಗಿ ಅಳಿಸಿದ ಕಡತ ಮಿರರ್‌ನ ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಯುತ್ತದೆ ಎಂಬ ಕಾರಣಕ್ಕೆ ಆ ಸಲಹೆಯನ್ನು ನಾವು ಒಪ್ಪಿರಲಿಲ್ಲ. ಭಾನುವಾರದ ಪಿಗ್ಮಿ ಸಂಗ್ರಹ ಮತ್ತು ಸೋಮವಾರದ ವಹಿವಾಟನ್ನು ನಮ್ಮ ಸಿಬ್ಬಂದಿ ಎರಡು ರಾತ್ರಿ ಕುಳಿತು ರಸೀದಿ ಪುಸ್ತಕಗಳಿಂದ ಮತ್ತೆ ನಮೂದಿಸಿದ್ದಾರೆ.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ತಮ್ಮ ಖರ್ಚಿನಲ್ಲೇ ಎರಡು ಹಾಟ್ ಸ್ಪೇರ್ ಡಿಸ್ಕ್‌ಗಳನ್ನೂ ಅವಕ್ಕೆ ಬೇಕಾಗುವ ಹೆಚ್ಚುವರಿ ಶೆಲ್ಫನ್ನೂ (ಡಿಸ್ಕ್‌ಗಳನ್ನು ಕೂರಿಸುವ ಪೆಟ್ಟಿಗೆಯನ್ನೂ) ಅಳವಡಿಸಬೇಕು, ಓದುವಿಕೆಯಲ್ಲಿ ದೋಷ ತೋರಿಸಿದ ಡಿಸ್ಕನ್ನು ಬದಲಿಸಬೇಕು. ಈಗ ಪ್ರತಿ ಜೋಡಿಯ ಎರಡೂ ಡಿಸ್ಕ್‌ಗಳು ಒಂದೇ ತಯಾರಿಕಾ ಬ್ಯಾಚಿನವು, ಒಂದೇ ಶೆಲ್ಫಿನವು. ಹೊಸ ಶೆಲ್ಫ್ ಬಂದಾಗ ಜೋಡಿಗಳನ್ನು ಎರಡು ಶೆಲ್ಫ್‌ಗಳಿಗೆ ಹಂಚಬೇಕು. ಸ್ಕ್ರಬ್‌ನ ವರದಿ ಪ್ರತಿ ತಿಂಗಳು ಲಿಖಿತವಾಗಿ ನಮಗೆ ಬರಬೇಕು, ಎಚ್ಚರಿಕೆಯ ಸಂದೇಶ ತಮ್ಮ ಸೇವಾ ಕೇಂದ್ರದ ಜೊತೆಗೆ ನಮ್ಮ ಕಚೇರಿಗೂ ಬರಬೇಕು. ಮುಂದಿನ ಮೂರು ವರ್ಷಗಳ ಸಾಮರ್ಥ್ಯದ ಲೆಕ್ಕವನ್ನು ಸ್ನ್ಯಾಪ್‌ಶಾಟ್ ಮತ್ತು ದುರಸ್ತಿಯ ಜಾಗವನ್ನು ಸೇರಿಸಿ ಹೊಸದಾಗಿ ಬರೆದುಕೊಡಬೇಕು. ಇವು ನೆರವೇರುವವರೆಗೆ ನಿರ್ವಹಣಾ ಒಪ್ಪಂದದ ಈ ವರ್ಷದ ಶುಲ್ಕವನ್ನು ತಡೆಹಿಡಿಯಲು ಮಂಡಳಿ ನಿರ್ಧರಿಸಿದೆ.

ಲಾಗ್‌ಗಳ ಪ್ರತಿ, 2023ರ ದರಪಟ್ಟಿ ಮತ್ತು ನಮ್ಮ ಬೆಳವಣಿಗೆಯ ಅಂದಾಜಿನ ಪತ್ರವನ್ನು ಲಗತ್ತಿಸಿದೆ. ಎಂಜಿನಿಯರನ್ನು ಭಾನುವಾರ ಬೆಳಿಗ್ಗೆ ಕಳುಹಿಸಬಹುದು. ಎರಡು ದಿನ ಮುಂಚೆ ತಿಳಿಸಿದರೆ ಶನಿವಾರ ರಾತ್ರಿಯ ಬ್ಯಾಕಪ್ ಪರಿಶೀಲಿಸಿಟ್ಟು, ಸರ್ವರ್ ಕೋಣೆಯ ಬೀಗದ ಕೈಯೊಂದಿಗೆ ನಾನೇ ಕಚೇರಿಯಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ಗೌರವ ಕಾರ್ಯದರ್ಶಿ