ತಗುಲಿತಾ, ಗುದ್ದಿತಾ? ಸಾಕ್ಷಿ ಹೇಳಲು ಬರುತ್ತಿರುವ ಮಗಳಿಗೊಂದು ಪತ್ರ

ತುಮಕೂರು

ಪುಟ್ಟೀ,

ನಿನ್ನ ಹೆಸರಿಗೆ ಸಮನ್ಸ್ ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಭದ್ರಮ್ಮ ಸರ್ಕಲ್ ಹತ್ತಿರದ ಆ ಆಟೋ ಕೇಸು. ಆಗಲೇ ಮೂರು ವರ್ಷ ಆಯಿತು. ಸ್ಕೂಟರ್ ಹುಡುಗ ಇನ್ನೂ ಕುಂಟುತ್ತಾನಂತೆ. ಆಟೋದವನಿಗೂ ಹೆಂಡತಿ ಮಕ್ಕಳಿದ್ದಾರೆ.

"ಏನು ಹೇಳಲಿ ಅಮ್ಮಾ?" ಅಂತ ಫೋನಿನಲ್ಲಿ ಕೇಳಿದೆ. ಅದನ್ನು ನಾನು ಹೇಳಿಕೊಡುವುದಿಲ್ಲ, ಹೇಳಿಕೊಡಬಾರದು. 27 ವರ್ಷ ಕೋರ್ಟಿನಲ್ಲಿ ಕೂತು ಸಾಕ್ಷಿಗಳ ಮಾತು ಟೈಪ್ ಮಾಡಿದವಳು ನಾನು. ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ಫೋನಿನಲ್ಲಿ ಬಾಯಿ ಬರಲಿಲ್ಲ.

ಅವತ್ತು ರಾತ್ರಿ ನೀನು ಮನೆಗೆ ಬಂದಾಗ ಕೈ ನಡುಗುತ್ತಿತ್ತು. ದುಪಟ್ಟಾದ ತುದಿಗೆ ರಕ್ತ ಅಂಟಿತ್ತು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತು, "ಆಟೋ ತಿರುಗ್ತಾ ಇತ್ತಮ್ಮ, ಸ್ಕೂಟರ್‌ಗೆ ತಗುಲ್ತು, ಅವನು ಬಿದ್ದ" ಅಂದೆ. ನಾನು ನೀರು ಕೊಡುತ್ತಾ, "ಎಷ್ಟು ಜೋರಾಗಿ ಬಂದು ಗುದ್ದಿದನೇ?" ಅಂತ ಕೇಳಿದೆ. ನೀನು ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯವರು ಬಂದರು. ಅವರಿಗೆ ನೀನು ಹೇಳಿದ್ದು, "ಆಟೋ ಜೋರಾಗಿ ಬಂದು ಗುದ್ದಿಬಿಡ್ತು." ಮರುದಿನ ಠಾಣೆಯಲ್ಲಿ ಅದು "ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು ಡಿಕ್ಕಿ ಹೊಡೆಸಿದ" ಅಂತಾಯಿತು. ಓದಿ ಹೇಳಿದಾಗ ನೀನು ತಲೆ ಆಡಿಸಿದೆ. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ.

"ಜೋರಾಗಿ" ಅನ್ನುವುದೂ ನನ್ನ ಮಾತು, "ಗುದ್ದಿದ" ಅನ್ನುವುದೂ ನನ್ನ ಮಾತು ಪುಟ್ಟೀ.

ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ರಿಟೈರ್ ಆಗಿ ಓದಲು ಕೂತ ಮೇಲೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರಜ್ಞರು 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿದರು. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಕಾರುಗಳು ಎಷ್ಟು ವೇಗದಲ್ಲಿದ್ದವು? ಬದಲಾಯಿಸಿದ್ದು ಒಂದು ಪದ ಮಾತ್ರ. "ಒಂದಕ್ಕೊಂದು ತಗುಲಿದಾಗ" ಅಂತ ಕೇಳಿದವರಿಗೆ ಸಿಕ್ಕ ಉತ್ತರ ಗಂಟೆಗೆ ಸರಾಸರಿ 31.8 ಮೈಲಿ. "ಅಪ್ಪಳಿಸಿದಾಗ" ಅಂತ ಕೇಳಿದರೆ 40ಕ್ಕೂ ಜಾಸ್ತಿ. ನೋಡಿದ್ದು ಅದೇ ತುಣುಕುಗಳು!

ಇನ್ನೊಂದು ಸಲ 150 ಜನರನ್ನು ಕೂರಿಸಿ ಹೀಗೇ ಮಾಡಿದರು. ಒಂದು ವಾರ ಬಿಟ್ಟು ಕರೆದು, "ಒಡೆದ ಗಾಜು ಕಂಡಿತಾ?" ಅಂತ ಕೇಳಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. "ಅಪ್ಪಳಿಸಿದಾಗ" ಅಂತ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ಕಂಡಿತು ಅಂದರು. "ಹೊಡೆದಾಗ" ಅಂತ ಕೇಳಿಸಿಕೊಂಡ 50ರಲ್ಲಿ 7 ಜನ. ಅವರು ಯಾರೂ ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೇ ನೆನಪಿತ್ತು. ಇದನ್ನು ಓದಿದ ದಿನ ನಾನು ಮಾಡಿದ ಅಡುಗೆ ಯಾರೂ ಉಣ್ಣುವ ಹಾಗಿರಲಿಲ್ಲ.

ಇದನ್ನು ನಿನಗೆ ಬರೆಯುವುದೂ ನಿನ್ನ ನೆನಪಿಗೆ ಇನ್ನೊಂದು ಸಲ ಕೈ ಹಾಕಿದ ಹಾಗೇ ಅಲ್ವಾ ಅಂತ ಮೂರು ದಿನ ಯೋಚಿಸಿದೆ. ನನ್ನ ನೆನಪೂ ಮೂರು ವರ್ಷ ಹಳೆಯದೇ. ಆದ್ದರಿಂದ ನಾನು ಹೇಳಿದ್ದೇ ಸರಿ ಅಂತಲೂ ಇಟ್ಟುಕೊಳ್ಳಬೇಡ. ಆಟೋ ನಿಜವಾಗಿಯೂ ಜೋರಾಗಿಯೇ ಬಂದಿರಬಹುದು. ನಿನ್ನ ಕಣ್ಣಿಗೆ ಕಂಡಿದ್ದೇನು, ಆಮೇಲೆ ಕಿವಿಗೆ ಬಿದ್ದಿದ್ದೇನು, ಅಷ್ಟು ಬೇರೆ ಮಾಡಿ ನೋಡು. ಈ ಪತ್ರವನ್ನು ಸರ್ಕಾರಿ ವಕೀಲರಿಗೆ ತೋರಿಸಬೇಕು ಅನ್ನಿಸಿದರೆ ತೋರಿಸು. ನನಗೆ ನಾಚಿಕೆ ಇಲ್ಲ.

ಠಾಣೆಯಲ್ಲಿ ಮೊಬೈಲಿನಲ್ಲಿ ಒಂದೇ ಒಂದು ಫೋಟೊ ತೋರಿಸಿ "ಇವನೇ ತಾನೇ?" ಅಂತ ಕೇಳಿದರು ಅಂದಿದ್ದೆಯಲ್ಲ, ಅದೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಜೆನ್ನಿಫರ್ ಥಾಂಪ್ಸನ್ ಅನ್ನುವ ಹೆಣ್ಣುಮಗಳ ಕಥೆ ಓದಿದೆ. 1984ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಕೆಯ ಮೇಲೆ ಅತ್ಯಾಚಾರ ಆಯಿತು. ಬದುಕಿ ಉಳಿದರೆ ಇವನನ್ನು ಹಿಡಿಸಬೇಕು ಅಂತ ಆ ಹೊತ್ತಿನಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿಕೊಂಡಿದ್ದಳಂತೆ. ಫೋಟೊಗಳಲ್ಲಿ ರೊನಾಲ್ಡ್ ಕಾಟನ್ ಅನ್ನುವವನನ್ನು ತೋರಿಸಿದಳು. ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದಳು. ಎರಡೂ ಕಡೆ ಇದ್ದವನು ಅವನೊಬ್ಬನೇ. ಮುಂದೆ ಎರಡನೇ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದು ನಿಲ್ಲಿಸಿದರೆ, ಇವನನ್ನು ನಾನು ನೋಡೇ ಇಲ್ಲ ಅಂದಳು. 1995ರಲ್ಲಿ ಡಿಎನ್‌ಎ ಪರೀಕ್ಷೆ ಆಗುವ ತನಕ, ಹತ್ತು ವರ್ಷಕ್ಕೂ ಜಾಸ್ತಿ, ಕಾಟನ್ ಜೈಲಿನಲ್ಲಿದ್ದ. ಆ ತಾಯಿಯದು ಏನು ತಪ್ಪು ಹೇಳು?

ಕೋರ್ಟಿನಲ್ಲಿ ಕಟಕಟೆಯಲ್ಲಿ ಒಬ್ಬನೇ ನಿಂತಿರುತ್ತಾನೆ. "ಇವನೇನಾ?" ಅಂತ ಕೇಳುತ್ತಾರೆ. ರಸ್ತೆಯಲ್ಲಿ ಕಂಡ ಮುಖವೋ, ಮೊಬೈಲಿನಲ್ಲಿ ಕಂಡ ಮುಖವೋ ಅಂತ ಮೊದಲು ನಿನ್ನನ್ನೇ ಕೇಳಿಕೋ.

ಪಾಟೀ ಸವಾಲಿನಲ್ಲಿ ಎದುರು ವಕೀಲರು ಉತ್ತರವನ್ನೂ ಸೇರಿಸಿಯೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. "ಅಪಘಾತವನ್ನು ನಾನು ನೋಡಿಯೇ ಇಲ್ಲ ಎಂದರೆ ಸರಿಯಲ್ಲ" ಅನ್ನುವಂಥ, ವಕೀಲರ ಮಾತನ್ನು ಸಾಕ್ಷಿ ಅಲ್ಲಗಳೆದ ಸಾಲು ಎಷ್ಟು ಸಾವಿರ ಟೈಪ್ ಮಾಡಿದ್ದೇನೋ. ಗುಬ್ಬಿ ಕಡೆಯ ಒಬ್ಬ ಅಜ್ಜಿಯನ್ನು ಅಂಗಿ ಯಾವ ಬಣ್ಣ ಅಂತ ಕೇಳಿದ್ದರು. "ಗ್ಯಾಪ್ಕ ಇಲ್ಲ ಸ್ವಾಮಿ" ಅಂದಳು. ಮತ್ತೆ ಮತ್ತೆ ಕೇಳಿದ ಮೇಲೆ, "ಬಿಳೀದಿರಬೈದು" ಅಂದಳು. ಹಾಳೆಯ ಮೇಲೆ ಬಂದಿದ್ದು "ಬಿಳಿ ಅಂಗಿ". "ಇರಬಹುದು" ಬಿಟ್ಟುಹೋಯಿತು. ಅಜ್ಜಿ ಹೆಬ್ಬೆಟ್ಟು ಒತ್ತಿ ಹೋದಳು. ಟೈಪ್ ಮಾಡಿದ ಬೆರಳು ನನ್ನದೇ.

ನಿನ್ನ ಸಾಕ್ಷಿಯನ್ನು ಓದಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಿಸಬಹುದು. ಅದು ನಿನ್ನ ಹಕ್ಕು. ಹೊತ್ತಾಯಿತು, ಬಸ್ ಸಿಗಲ್ಲ ಅಂತ ಅವಸರ ಮಾಡಬೇಡ. ಸಹಿ ಮಾಡುವ ಮೊದಲು ಒಂದೊಂದು ಸಾಲೂ ಓದು.

ಗೊತ್ತಿಲ್ಲದ್ದಕ್ಕೆ "ನೆನಪಿಲ್ಲ" ಅನ್ನು. ದಡ್ಡಿ ಅಂದುಕೊಳ್ಳುತ್ತಾರೆ ಅಂತ ಹೆದರಬೇಡ. ಸಾಕ್ಷಿಯ ತಲೆಯೊಳಗೆ ವಿಡಿಯೋ ಟೇಪ್ ಓಡುವುದಿಲ್ಲ, ಹೊತ್ತನ್ನೆಲ್ಲ ಜನ ಅಂದಾಜಿನಲ್ಲೇ ಹೇಳುವುದು ಅಂತ ನಮ್ಮ ಸುಪ್ರೀಂ ಕೋರ್ಟೇ 1983ರಲ್ಲಿ, ಗುಜರಾತಿನ ಒಂದು ಕೇಸಿನ ತೀರ್ಪಿನಲ್ಲಿ ಹೇಳಿದೆ.

ಹಿಂದಿನ ರಾತ್ರಿಯೇ ಬಂದುಬಿಡು. ಅವರೆಕಾಳು ಸಾರು, ಮುದ್ದೆ ಮಾಡಿರುತ್ತೇನೆ. ಕೇಸಿನ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಿಮ್ಮ ಅಪ್ಪನಿಗೂ ಹೇಳಿದ್ದೇನೆ. ಬೆಳಿಗ್ಗೆ ಕೋರ್ಟಿನ ಗೇಟಿನವರೆಗೆ ಬರುತ್ತೇನೆ, ಒಳಗೆ ಬರುವುದಿಲ್ಲ. ಹೊರಗೆ ಮರದ ಕೆಳಗೆ ಕೂತಿರುತ್ತೇನೆ.

ನಿನ್ನ
ಅಮ್ಮ